ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು: ನೈಟ್ರೋಸಮೀನು ಪರೀಕ್ಷೆಗಳ ಎಪ್ಪತ್ತು ವರ್ಷ

(ನಮ್ಮ ಕೂಟದ ವಿಶೇಷ ಉಪನ್ಯಾಸದ ಲಿಖಿತ ರೂಪ)



ಹಬ್ಬ, ನಾಟಕ, ಸುಗಮ ಸಂಗೀತಗಳಿಗೆ ಮೀಸಲಾದ ಕೂಟದ ವೇದಿಕೆಯಲ್ಲಿ ರಸಾಯನ ವಸ್ತುವೊಂದರ ಚರಿತ್ರೆಯನ್ನು ಹೇಳಲು ಅವಕಾಶವಿತ್ತುದಕ್ಕಾಗಿ ತಮಗೆ ಋಣಿಯಾಗಿದ್ದೇನೆ. ಇಂಗ್ಲೆಂಡಿನಲ್ಲಿ ನೆಲಸಿರುವ ಕನ್ನಡಿಗರಿಗೆ ಈ ಚರಿತ್ರೆ ದೂರದ್ದಲ್ಲ. ಅದು ಆರಂಭವಾದದ್ದು ಲಂಡನ್ನಿನ ದಕ್ಷಿಣ ಅಂಚಿನ ಕಾರ್ಷಾಲ್ಟನ್ ಎಂಬ ಊರಿನಲ್ಲಿ. ಅದು ಮುಟ್ಟಿರುವುದು ನಮ್ಮ ಮನೆಗಳ ಔಷಧದ ಡಬ್ಬಿಯನ್ನು ಮತ್ತು ನಮ್ಮ ಹಿರಿಯರ ಎಲೆಯಡಿಕೆಯ ತಟ್ಟೆಯನ್ನು.

2018ರ ಜುಲೈ ತಿಂಗಳಲ್ಲಿ ರಕ್ತದೊತ್ತಡಕ್ಕೆ ಕೊಡುವ ವಾಲ್ಸಾರ್ಟಾನ್ ಮಾತ್ರೆಗಳನ್ನು ಅನೇಕ ದೇಶಗಳ ಅಂಗಡಿಗಳಿಂದ ಹಿಂತೆಗೆದುಕೊಂಡದ್ದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅವುಗಳಲ್ಲಿ ಡೈಮೀಥೈಲ್ ನೈಟ್ರೋಸಮೀನು ಎಂಬ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿತ್ತು. ಮರುವರ್ಷ ಹೊಟ್ಟೆಯ ಹುಳಿಗೆ ಕೊಡುವ ರಾನಿಟಿಡಿನ್ ಮಾತ್ರೆಯಲ್ಲೂ ಅದೇ ವಸ್ತು ಕಂಡುಬಂತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ಮಾತ್ರೆಯನ್ನು ಮಾರುಕಟ್ಟೆಯಿಂದ ಪೂರ್ಣವಾಗಿ ತೆಗೆಯುವಂತೆ ಕೋರಿತು. ವರ್ಷಗಟ್ಟಲೆ ಆ ಗುಳಿಗೆಗಳನ್ನು ನುಂಗಿದ್ದವರು ಕೇಳಿದ ಪ್ರಶ್ನೆ ಒಂದೇ: ಇದು ನಮ್ಮ ದೇಹಕ್ಕೆ ಏನು ಮಾಡಿರಬಹುದು? ಅದನ್ನು ಹೇಗೆ ತಿಳಿಯುತ್ತಾರೆ?

ಎರಡನೆಯ ಪ್ರಶ್ನೆಯೇ ಇಂದಿನ ನನ್ನ ವಿಷಯ. ಒಂದು ವಸ್ತು ಪ್ರಾಣಿಯ ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಕೆಡಿಸುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವ ವಿದ್ಯೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಆ ವಿದ್ಯೆಯ ಬಹುಪಾಲು ಈ ನೈಟ್ರೋಸಮೀನುಗಳನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಬೆಳೆಯಿತು.

ಕಾರ್ಷಾಲ್ಟನ್ನಿನ ಇಲಿಗಳು

ನೈಟ್ರೋಸಮೀನುಗಳ ರಚನೆ ಸರಳವಾದುದು. ಅಮೀನು ಎಂಬ ಜಾತಿಯ ವಸ್ತು ಆಮ್ಲದ ಸನ್ನಿಧಿಯಲ್ಲಿ ನೈಟ್ರೈಟಿನೊಡನೆ ಕೂಡಿದಾಗ ಅವು ಉಂಟಾಗುತ್ತವೆ. 19ನೆಯ ಶತಮಾನದಿಂದಲೂ ರಸಾಯನಜ್ಞರಿಗೆ ಅವು ಪರಿಚಿತ. ಇವುಗಳಲ್ಲಿ ಅತ್ಯಂತ ಚಿಕ್ಕದಾದ ಡೈಮೀಥೈಲ್ ನೈಟ್ರೋಸಮೀನು ಹಳದಿ ಛಾಯೆಯ ದ್ರವ. ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬೇಗನೆ ಕೆಡುವುದಿಲ್ಲ. ಈ ಗುಣಗಳಿಂದಾಗಿ ಕೈಗಾರಿಕೆಯಲ್ಲಿ ಅದು ದ್ರಾವಕವಾಗಿ ಬಳಕೆಗೆ ಬಂತು.

1950ರ ದಶಕದ ಆರಂಭದಲ್ಲಿ ಈ ದ್ರಾವಕವನ್ನು ಬಳಸುತ್ತಿದ್ದ ಪ್ರಯೋಗಾಲಯವೊಂದರ ಕೆಲಸಗಾರರಲ್ಲಿ ಯಕೃತ್ತಿನ ಕಾಯಿಲೆ ಕಾಣಿಸಿಕೊಂಡಿತು. ಕಾರ್ಷಾಲ್ಟನ್ನಿನಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿಯ ವಿಷವಿಜ್ಞಾನ ವಿಭಾಗವಿತ್ತು. ಅಲ್ಲಿನ ಜಾನ್ ಬಾರ್ನ್ಸ್ ಮತ್ತು ಪೀಟರ್ ಮಗೀ ಎಂಬ ಇಬ್ಬರು ವಿಜ್ಞಾನಿಗಳು ಈ ದ್ರವವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದರು. 1954ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ ಇಲಿ, ಮೊಲ, ನಾಯಿ ಮುಂತಾದ ಹಲವು ಪ್ರಾಣಿಗಳ ಯಕೃತ್ತನ್ನು ಅದು ತೀವ್ರವಾಗಿ ನಾಶಗೊಳಿಸುತ್ತಿತ್ತು.

ವಿಷವೆಂದು ತಿಳಿದ ಮೇಲೆ ಕಡತವನ್ನು ಮುಚ್ಚಿಬಿಡಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಕೊಲ್ಲದಷ್ಟು ಅಲ್ಪ ಪ್ರಮಾಣವನ್ನು, ಅಂದರೆ ಹತ್ತು ಲಕ್ಷ ಪಾಲು ಆಹಾರದಲ್ಲಿ 50 ಪಾಲಿನಷ್ಟನ್ನು, ಇಲಿಗಳಿಗೆ ತಿಂಗಳುಗಟ್ಟಲೆ ತಿನ್ನಿಸಿ ಕಾದರು. 1956ರಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಸಿತು. ಒಂದು ವರ್ಷ ತುಂಬುವುದರೊಳಗೆ ಬಹುತೇಕ ಎಲ್ಲ ಇಲಿಗಳ ಯಕೃತ್ತಿನಲ್ಲೂ ಕ್ಯಾನ್ಸರ್ ಗೆಡ್ಡೆಗಳು ಬೆಳೆದಿದ್ದವು.

ಇದಾದ ಕೆಲವೇ ವರ್ಷಗಳಲ್ಲಿ ನಾರ್ವೆಯಿಂದ ಇನ್ನೊಂದು ಸುದ್ದಿ ಬಂತು. ಅಲ್ಲಿ ಹೆರಿಂಗ್ ಮೀನಿನ ಹಿಟ್ಟನ್ನು ತಿಂದ ಕುರಿಗಳೂ, ತುಪ್ಪಳಕ್ಕಾಗಿ ಸಾಕುವ ಮಿಂಕ್ ಪ್ರಾಣಿಗಳೂ ಯಕೃತ್ತು ಕೊಳೆತು ಸಾಯುತ್ತಿದ್ದವು. ಮೀನು ಕೆಡದಿರಲೆಂದು ಹಾಕಿದ್ದ ಸೋಡಿಯಂ ನೈಟ್ರೈಟು ಮೀನಿನಲ್ಲೇ ಇರುವ ಅಮೀನುಗಳೊಡನೆ ಕೂಡಿ ಡೈಮೀಥೈಲ್ ನೈಟ್ರೋಸಮೀನಾಗಿದೆ ಎಂಬುದು 1964ರಲ್ಲಿ ಖಚಿತವಾಯಿತು. ಕಾರ್ಖಾನೆಯ ಸೀಸೆಯಲ್ಲಿದ್ದ ವಿಷ ಆಹಾರದಲ್ಲಿ ತಾನಾಗಿಯೇ ಹುಟ್ಟಬಲ್ಲದು ಎಂದಾಯಿತು. ಪ್ರಶ್ನೆ ಈಗ ಕೆಲವೇ ಕೆಲಸಗಾರರದಾಗಿರದೆ ಎಲ್ಲರದೂ ಆಯಿತು.

1967ರಲ್ಲಿ ಜರ್ಮನಿಯ ಹರ್ಮನ್ ಡ್ರುಕ್‌ರೈ ಮತ್ತು ಅವರ ಸಹೋದ್ಯೋಗಿಗಳು 65 ಬಗೆಯ ನೈಟ್ರೋಸೋ ಸಂಯುಕ್ತಗಳನ್ನು ಇಲಿಗಳಿಗೆ ಕೊಟ್ಟು ನೋಡಿದ ಬೃಹತ್ ವರದಿಯನ್ನು ಪ್ರಕಟಿಸಿದರು. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್‌ಕಾರಕಗಳೆಂದು ಕಂಡುಬಂದವು. ಅಚ್ಚರಿಯೆಂದರೆ, ಒಂದು ಯಕೃತ್ತಿಗೆ ಅಂಟಿದರೆ ಇನ್ನೊಂದು ಅನ್ನನಾಳಕ್ಕೆ, ಮತ್ತೊಂದು ಮೂತ್ರಕೋಶಕ್ಕೆ! ಅಣುವಿನ ರಚನೆಯಲ್ಲಿ ಅಲ್ಪಸ್ವಲ್ಪ ಬದಲಾದರೂ ಗುರಿ ಬದಲಾಗುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದದ್ದು

ಆದರೆ ಒಂದು ಒಗಟು ಉಳಿಯಿತು. ಡೈಮೀಥೈಲ್ ನೈಟ್ರೋಸಮೀನು ರಾಸಾಯನಿಕವಾಗಿ ಸೋಮಾರಿಯಾದ ವಸ್ತು. ಸೀಸೆಯಲ್ಲಿ ಡಿ.ಎನ್.ಎ.ಯೊಡನೆ ಬೆರೆಸಿಟ್ಟರೆ ಅದು ಏನನ್ನೂ ಮಾಡುವುದಿಲ್ಲ. ಇಂತಹ ನಿಷ್ಕ್ರಿಯ ವಸ್ತು ಜೀವಂತ ಇಲಿಯಲ್ಲಿ ಹೇಗೆ ಅಷ್ಟು ಭೀಕರವಾಗುತ್ತದೆ?

ಉತ್ತರ ಯಕೃತ್ತಿನಲ್ಲಿಯೇ ಇತ್ತು. ರಕ್ತಕ್ಕೆ ಸೇರಿದ ಅನ್ಯವಸ್ತುಗಳನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಕರ್ತವ್ಯ. ಅದಕ್ಕಾಗಿ ಅಲ್ಲಿ ಪಿ-450 ಎಂಬ ಕುಟುಂಬದ ಕಿಣ್ವಗಳಿವೆ. ಅವು ನೈಟ್ರೋಸಮೀನಿನ ಒಂದು ಇಂಗಾಲಕ್ಕೆ ಆಮ್ಲಜನಕವನ್ನು ಸೇರಿಸುತ್ತವೆ. ಆಗ ಆ ಅಣು ಅಸ್ಥಿರವಾಗಿ ಒಡೆದು, ಕ್ಷಣಮಾತ್ರ ಬದುಕುವ ಅತ್ಯುಗ್ರ ತುಣುಕೊಂದನ್ನು ಉಳಿಸುತ್ತದೆ. ಆ ತುಣುಕು ಸಿಕ್ಕ ಸಿಕ್ಕ ಪ್ರೋಟೀನಿಗೆ, ಆರ್.ಎನ್.ಎ.ಗೆ, ಡಿ.ಎನ್.ಎ.ಗೆ ಮೀಥೈಲ್ ಗುಂಪನ್ನು ಅಂಟಿಸಿಬಿಡುತ್ತದೆ. ವಿಷವನ್ನು ತಡೆಯಬೇಕಾದ ಅಂಗವೇ ವಿಷವನ್ನು ತಯಾರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

1962ರಲ್ಲಿ ಮಗೀ ಮತ್ತು ಇಮ್ಯಾನ್ಯುಯೆಲ್ ಫಾರ್ಬರ್ ಇದನ್ನು ಪ್ರಯೋಗದಿಂದ ತೋರಿಸಿದರು. ಮೀಥೈಲ್ ಗುಂಪಿನಲ್ಲಿ ವಿಕಿರಣಶೀಲ ಇಂಗಾಲ-14 ಇರುವ ನೈಟ್ರೋಸಮೀನನ್ನು ಇಲಿಗೆ ಚುಚ್ಚಿ, ಅನಂತರ ಯಕೃತ್ತಿನ ನ್ಯೂಕ್ಲಿಯಿಕ್ ಆಮ್ಲಗಳನ್ನು ಬೇರ್ಪಡಿಸಿ, ಅವುಗಳನ್ನು ಘಟಕಗಳಾಗಿ ಒಡೆದು ನೋಡಿದರು. ಗ್ವಾನಿನ್ ಎಂಬ ಅಕ್ಷರದ ಏಳನೆಯ ಸ್ಥಾನದಲ್ಲಿ ವಿಕಿರಣಶೀಲ ಮೀಥೈಲ್ ಗುಂಪು ಕುಳಿತಿತ್ತು. ವ್ಯಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ. ರಚನೆಯನ್ನು ತಿಳಿಸಿ ಆಗ ಇನ್ನೂ ಒಂಬತ್ತು ವರ್ಷವಾಗಿತ್ತು. ತಿಂದ ವಸ್ತುವೊಂದರ ಚೂರು ವಂಶವಾಹಿಯ ಮೇಲೆ ಅಂಟಿಕೊಂಡದ್ದನ್ನು ಕಣ್ಣಾರೆ ಕಂಡಂತಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಲ್ಲಿ ನೆನೆಯಬೇಕು. ಏಳನೆಯ ಸ್ಥಾನದ ಗುರುತು ಕಂಡದ್ದೇನೋ ನಿಜ. ಆದರೆ ಅದೇ ಕ್ಯಾನ್ಸರಿನ ಕಾರಣವೇ? ಅಷ್ಟೇ ಗುರುತನ್ನು ಮಾಡುವ ಬೇರೆ ಕೆಲವು ರಾಸಾಯನಿಕಗಳು ಇಲಿಗಳಲ್ಲಿ ಅಷ್ಟು ಕ್ಯಾನ್ಸರನ್ನು ಉಂಟುಮಾಡುತ್ತಿರಲಿಲ್ಲ. ಲಂಡನ್ನಿನ ಚೆಸ್ಟರ್ ಬೀಟಿ ಸಂಸ್ಥೆಯ ಆಂಟನಿ ಲವ್‌ಲೆಸ್ 1969ರಲ್ಲಿ ಒಂದು ಚಿಕ್ಕ ಲೇಖನದಲ್ಲಿ ಬೆರಳು ತೋರಿದ್ದು ಬೇರೆಡೆಗೆ. ಗ್ವಾನಿನ್ನಿನ ಆರನೆಯ ಸ್ಥಾನದ ಆಮ್ಲಜನಕಕ್ಕೆ ಮೀಥೈಲ್ ಅಂಟಿದರೆ, ಆ ಅಕ್ಷರ ತನ್ನ ಸಹಜ ಜೊತೆಗಾರ ಸೈಟೋಸಿನ್ನನ್ನು ಬಿಟ್ಟು ಥೈಮಿನ್ನಿನೊಡನೆ ಜೋಡಿಯಾಗುತ್ತದೆ. ಕೋಶ ಮುಂದೆ ವಿಭಜನೆಗೊಂಡಾಗ ಜಿ ಇದ್ದ ಕಡೆ ಎ ಬರೆಯಲ್ಪಡುತ್ತದೆ. ಒಂದಕ್ಷರದ ತಪ್ಪು, ಆದರೆ ಪ್ರತಿ ನಕಲಿನಲ್ಲೂ ಶಾಶ್ವತವಾಗಿ ಉಳಿಯುವ ತಪ್ಪು.

1974ರಲ್ಲಿ ಜರ್ಮನಿಯ ಗೋಥ್ ಮತ್ತು ರಯೇವ್‌ಸ್ಕಿ ಇದಕ್ಕೆ ಬಲವಾದ ಪುರಾವೆಯನ್ನು ಒದಗಿಸಿದರು. ನೈಟ್ರೋಸಮೀನಿನ ದಾಯಾದಿಯಾದ ಈಥೈಲ್ ನೈಟ್ರೋಸೋಯೂರಿಯವನ್ನು ಇಲಿಮರಿಗೆ ಒಮ್ಮೆ ಕೊಟ್ಟರೆ ಮುಂದೆ ಅದರ ಮಿದುಳಿನಲ್ಲಿ ಗೆಡ್ಡೆ ಬೆಳೆಯುತ್ತದೆ; ಯಕೃತ್ತಿನಲ್ಲಿ ಬೆಳೆಯುವುದಿಲ್ಲ. ಎರಡರಲ್ಲೂ ಆರಂಭದ ಹಾನಿ ಹೆಚ್ಚುಕಡಿಮೆ ಸಮಾನವೇ. ಆದರೆ ಆರನೆಯ ಸ್ಥಾನದ ಗುರುತು ಯಕೃತ್ತಿನಲ್ಲಿ ಬೇಗನೆ ಅಳಿಯುತ್ತದೆ, ಮಿದುಳಿನಲ್ಲಿ ಬಹುಕಾಲ ಉಳಿಯುತ್ತದೆ. ಹಾನಿ ಆಯಿತೇ ಎಂಬುದರ ಜೊತೆಗೆ ಅದು ರಿಪೇರಿಯಾಯಿತೇ ಎಂಬುದನ್ನೂ ಕೇಳಬೇಕೆಂದು ಈ ಪ್ರಯೋಗ ಕಲಿಸಿತು. ಆ ಗುರುತನ್ನು ಅಳಿಸುವ ಪ್ರೋಟೀನು ಮೀಥೈಲ್ ಗುಂಪನ್ನು ತನ್ನ ಮೇಲೆಯೇ ಎಳೆದುಕೊಂಡು, ಒಂದೇ ಸಲಕ್ಕೆ ಬಳಕೆಯಾಗಿ ಮುಗಿದುಹೋಗುತ್ತದೆ ಎಂಬುದನ್ನು 1980ರಲ್ಲಿ ಬ್ಯಾಕ್ಟೀರಿಯಗಳಲ್ಲಿ ತೋರಿಸಿದವರಲ್ಲಿ ಸ್ವೀಡನ್ನಿನ ತೋಮಸ್ ಲಿಂಡಾಲ್ ಒಬ್ಬರು. ಡಿ.ಎನ್.ಎ. ರಿಪೇರಿಯ ಸಂಶೋಧನೆಗಾಗಿ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ಸುಳ್ಳು ಸಾಕ್ಷಿ ನುಡಿದ ಬ್ಯಾಕ್ಟೀರಿಯ

ಇಲಿಗೆ ವರ್ಷಗಟ್ಟಲೆ ತಿನ್ನಿಸಿ ಕಾಯುವುದು ದುಬಾರಿ, ನಿಧಾನ, ಮತ್ತು ಪ್ರಾಣಿಗಳಿಗೆ ಹಿಂಸೆ. ಕ್ಷಿಪ್ರವಾಗಿ ಉತ್ತರ ಕೊಡುವ ಪರೀಕ್ಷೆ ಬೇಕಾಗಿತ್ತು. ಸಹಜವಾಗಿಯೇ ವಿಜ್ಞಾನಿಗಳು ಬ್ಯಾಕ್ಟೀರಿಯಗಳ ಕಡೆ ತಿರುಗಿದರು. ಒಂದು ರಾತ್ರಿಯಲ್ಲಿ ಕೋಟಿಗಟ್ಟಲೆ ಸಂತಾನ. ಉತ್ಪರಿವರ್ತನೆಯಾಗಿದ್ದರೆ ತಟ್ಟೆಯ ಮೇಲೆ ಬರಿಗಣ್ಣಿಗೆ ಕಾಣುತ್ತದೆ.

ನೈಟ್ರೋಸಮೀನುಗಳು ಇಲ್ಲಿ ಎಲ್ಲರನ್ನೂ ಏಮಾರಿಸಿದವು. 1962ರಲ್ಲಿಯೇ ಹಣ್ಣಿನ ನೊಣದಲ್ಲಿ ಡೈಮೀಥೈಲ್ ನೈಟ್ರೋಸಮೀನು ಉತ್ಪರಿವರ್ತನೆಗಳನ್ನು ಉಂಟುಮಾಡುವುದು ಕಂಡಿತ್ತು. ಆದರೆ ಬ್ಯಾಕ್ಟೀರಿಯಗಳ ಮೇಲೆ ಅದನ್ನು ನೇರವಾಗಿ ಸುರಿದರೆ ಏನೂ ಆಗುತ್ತಿರಲಿಲ್ಲ. ಇಲಿಯನ್ನು ಕೊಲ್ಲುವ ವಸ್ತು ಬ್ಯಾಕ್ಟೀರಿಯದ ದೃಷ್ಟಿಯಲ್ಲಿ ನಿರಪರಾಧಿ! ಕಾರಣ ಈಗ ತಮಗೆ ಹೊಳೆದಿರಬೇಕು: ಬ್ಯಾಕ್ಟೀರಿಯಕ್ಕೆ ಯಕೃತ್ತಿಲ್ಲ. ಸಾಕ್ಷಿ ಬೇಕೆಂದು ಸುಳ್ಳಾಡಲಿಲ್ಲ. ಅಪರಾಧ ಅದರ ಮುಂದೆ ನಡೆಯಲೇ ಇಲ್ಲ.

ಪರಿಹಾರಗಳು ಒಂದರ ಹಿಂದೊಂದು ಬಂದವು. 1969ರಲ್ಲಿ ಗ್ಯಾಬ್ರಿಜ್ ಮತ್ತು ಲೆಗೇಟರ್ ಬ್ಯಾಕ್ಟೀರಿಯಗಳನ್ನು ಜೀವಂತ ಇಲಿಯ ಹೊಟ್ಟೆಯ ಪೊರೆಯೊಳಗೆ ಸೇರಿಸಿ, ಇಲಿಗೆ ಔಷಧ ಕೊಟ್ಟು, ಬ್ಯಾಕ್ಟೀರಿಯಗಳನ್ನು ಹೊರತೆಗೆದು ನೋಡಿದರು. 1971ರಲ್ಲಿ ಅಮೆರಿಕದ ಮಾಲಿಂಗ್ ಇನ್ನೂ ಸರಳವಾದ ದಾರಿ ಹಿಡಿದರು. ಯಕೃತ್ತಿನ ಕಿಣ್ವಭರಿತ ಅಂಶವನ್ನೇ ಗಾಜಿನ ಕೊಳವೆಯಲ್ಲಿ ಬ್ಯಾಕ್ಟೀರಿಯದ ಜೊತೆಗೆ ಬೆರೆಸಿದರು. ಆಗ ನೈಟ್ರೋಸಮೀನು ಉತ್ಪರಿವರ್ತನೆಗಳನ್ನು ತೋರಿತು. 1973ರಲ್ಲಿ ಬರ್ಕ್ಲಿಯ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಇದೇ ತತ್ತ್ವದ ಮೇಲೆ ತಮ್ಮ ಹೆಸರಾಂತ ಪರೀಕ್ಷೆಯನ್ನು ರೂಪಿಸಿದರು. ಅರೆದ ಯಕೃತ್ತನ್ನು ಗುರುತ್ವದ 9000 ಪಟ್ಟು ಬಲದಲ್ಲಿ ತಿರುಗಿಸಿದಾಗ ಮೇಲೆ ಉಳಿಯುವ ತಿಳಿಯನ್ನು ಎಸ್-9 ಎಂದು ಕರೆದರು. ಪ್ರಪಂಚದ ಪ್ರಯೋಗಾಲಯಗಳಲ್ಲಿ ಇಂದಿಗೂ ಆ ಹೆಸರೇ ಚಾಲ್ತಿಯಲ್ಲಿದೆ.

ಅಲ್ಲಿಗೂ ಕಥೆ ಮುಗಿಯಲಿಲ್ಲ. ಎಲ್ಲವನ್ನೂ ಒಟ್ಟಿಗೆ ತಟ್ಟೆಗೆ ಸುರಿಯುವ ಸಾಮಾನ್ಯ ವಿಧಾನದಲ್ಲಿ ಚಿಕ್ಕ ನೈಟ್ರೋಸಮೀನುಗಳು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತಿದ್ದವು. ಬ್ಯಾಕ್ಟೀರಿಯ, ಯಕೃತ್ತಿನ ತಿಳಿ, ಪರೀಕ್ಷಾವಸ್ತು ಈ ಮೂರನ್ನು ಮೊದಲು ದ್ರವದಲ್ಲಿಯೇ ಸ್ವಲ್ಪ ಹೊತ್ತು ಬೆಚ್ಚಗಿಟ್ಟು ಅನಂತರ ತಟ್ಟೆಗೆ ಹಾಕಬೇಕೆಂದು 1977ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 1980ರ ದಶಕದಲ್ಲಿ ಅಮೆರಿಕದ ವಿಲಿಯಂ ಲಿಜಿನ್‌ಸ್ಕಿ ಮತ್ತು ಸಹೋದ್ಯೋಗಿಗಳು, ಇಲಿಯ ಯಕೃತ್ತಿಗಿಂತ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಯಕೃತ್ತು ಈ ಕೆಲಸಕ್ಕೆ ಮೇಲು ಎಂಬುದನ್ನು ತೋರಿಸಿದರು. ಯಾರ ಯಕೃತ್ತು, ಎಷ್ಟು, ಎಷ್ಟು ಹೊತ್ತು: ಇಷ್ಟರ ಮೇಲೆ ಒಂದು ವಸ್ತುವಿನ ಅಪರಾಧ ನಿರ್ಣಯವಾಗುತ್ತಿತ್ತು.

ಪ್ರಾಣಿಕೋಶದ ಎಳೆಗಳನ್ನು ಅಳೆದದ್ದು

ಬ್ಯಾಕ್ಟೀರಿಯ ಎಷ್ಟಾದರೂ ಬ್ಯಾಕ್ಟೀರಿಯವೇ. ನಮ್ಮ ಹಾಗೆ ಕೋಶಕೇಂದ್ರವಿರುವ ಪ್ರಾಣಿಕೋಶದಲ್ಲಿ ಏನಾಗುತ್ತದೆಂಬುದನ್ನು ನೇರವಾಗಿ ನೋಡುವ ಹಂಬಲ ಇದ್ದೇ ಇತ್ತು. 1977ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಕುರೋಕಿ, ಮಾಂಟೆಸಾನೋ ಮೊದಲಾದವರು ಚೀನೀ ಹ್ಯಾಮ್‌ಸ್ಟರಿನ ಕೋಶಗಳಿಗೆ ಯಕೃತ್ತಿನ ತಿಳಿಯನ್ನು ಸೇರಿಸಿ, ಹಲವು ನೈಟ್ರೋಸಮೀನುಗಳು ಅವುಗಳಲ್ಲಿ ಉತ್ಪರಿವರ್ತನೆ ಉಂಟುಮಾಡುವುದನ್ನು ತೋರಿಸಿದರು.

ಇನ್ನೊಂದು ದಾರಿಯೆಂದರೆ ಡಿ.ಎನ್.ಎ. ಎಳೆ ತುಂಡಾಗಿದೆಯೇ ಎಂದು ನೋಡುವುದು. ಕೆಟ್ಟ ಅಕ್ಷರವನ್ನು ಕಿತ್ತು ತೆಗೆಯುವಾಗ ಕೋಶದ ರಿಪೇರಿ ಕಿಣ್ವಗಳು ಎಳೆಯನ್ನು ಕತ್ತರಿಸಲೇಬೇಕು. ಅಕ್ಷರ ಉದುರಿದ ಜಾಗಗಳು ಕ್ಷಾರದಲ್ಲಿ ಮುರಿಯುತ್ತವೆ. ಆದುದರಿಂದ ಕ್ಷಾರೀಯ ದ್ರಾವಣದಲ್ಲಿ ಡಿ.ಎನ್.ಎ. ಎಷ್ಟು ಉದ್ದವಿದೆಯೆಂದು ಅಳೆದರೆ ಹಾನಿಯ ಅಂದಾಜು ಸಿಗುತ್ತದೆ. 1973ರಲ್ಲಿ ಫಾರ್ಬರ್ ಅವರ ಬಳಗದಲ್ಲಿದ್ದ ಡಿ.ಎಸ್.ಆರ್. ಶರ್ಮ ಮತ್ತು ಸಂಗಡಿಗರು ಇಲಿಯ ಯಕೃತ್ತಿನ ಡಿ.ಎನ್.ಎ.ಯನ್ನು ಕ್ಷಾರೀಯ ಸಕ್ಕರೆಯ ದ್ರಾವಣದ ಮೇಲಿಟ್ಟು ವೇಗವಾಗಿ ತಿರುಗಿಸಿದರು. ಉದ್ದದ ಎಳೆಗಳು ಕೆಳಗಿಳಿಯುತ್ತವೆ, ತುಂಡುಗಳು ಮೇಲೆಯೇ ಉಳಿಯುತ್ತವೆ. ನೈಟ್ರೋಸಮೀನು ಪಡೆದ ಇಲಿಯ ಡಿ.ಎನ್.ಎ. ಮೇಲೆ ಉಳಿಯಿತು. ದಿನಗಳು ಕಳೆದಂತೆ ಅದು ಮತ್ತೆ ಕೆಳಗಿಳಿಯತೊಡಗಿದರೆ ರಿಪೇರಿ ನಡೆದಿದೆ ಎಂದು ತಿಳಿಯಬಹುದಾಗಿತ್ತು. ಅದೇ ದಶಕದಲ್ಲಿ ಅಮೆರಿಕದ ಕರ್ಟ್ ಕೋನ್ ಕೋಶಗಳನ್ನು ಸೂಕ್ಷ್ಮ ರಂಧ್ರಗಳ ಜರಡಿಯ ಮೇಲೆ ಕರಗಿಸಿ, ಕ್ಷಾರವನ್ನು ಗಂಟೆಗಟ್ಟಲೆ ನಿಧಾನವಾಗಿ ಹರಿಸುವ ವಿಧಾನವನ್ನು ತಂದರು. ತುಂಡುಗಳು ಬೇಗ ಸೋಸಿಹೋಗುತ್ತವೆ, ಉದ್ದದವು ತಡವಾಗಿ.

ಮೂರನೆಯ ದಾರಿ ರಿಪೇರಿಯನ್ನೇ ಎಣಿಸುವುದು. ವಿಭಜನೆಯಾಗದ ಕೋಶವೂ ಹಾನಿಯಾದಾಗ ಹೊಸ ಅಕ್ಷರಗಳನ್ನು ತಂದು ತೇಪೆ ಹಾಕುತ್ತದೆಯೆಂದು 1964ರಲ್ಲಿ ರಾಸ್ಮುಸೆನ್ ಮತ್ತು ಪೇಂಟರ್ ಕಂಡಿದ್ದರು. ನ್ಯೂಯಾರ್ಕಿನ ಗ್ಯಾರಿ ವಿಲಿಯಮ್ಸ್ 1970ರ ದಶಕದ ಉತ್ತರಾರ್ಧದಲ್ಲಿ ಇದನ್ನು ಇಲಿಯ ಯಕೃತ್ ಕೋಶಗಳಿಗೆ ಅಳವಡಿಸಿದರು. ತೇಪೆಗೆ ಬೇಕಾದ ಥೈಮಿಡಿನ್ನನ್ನು ವಿಕಿರಣಶೀಲವಾಗಿಸಿ ಕೊಟ್ಟರೆ, ರಿಪೇರಿಯಾದ ಕೋಶಕೇಂದ್ರದ ಮೇಲೆ ಛಾಯಾಚಿತ್ರದ ಲೇಪದಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ. ಸೂಕ್ಷ್ಮದರ್ಶಕದ ಕೆಳಗೆ ಕುಳಿತು ಆ ಚುಕ್ಕೆಗಳನ್ನು ಎಣಿಸುವುದೇ ಪರೀಕ್ಷೆ. ಇದರ ಹಿರಿಮೆಯೆಂದರೆ, ಪರೀಕ್ಷಿಸುವ ಕೋಶವೇ ಯಕೃತ್ತಿನದು. ವಿಷವನ್ನು ಎಚ್ಚರಿಸುವ ಕಿಣ್ವವೂ, ಹಾನಿಗೊಳ್ಳುವ ಡಿ.ಎನ್.ಎ.ಯೂ, ಅದನ್ನು ಸರಿಪಡಿಸುವ ಯಂತ್ರವೂ ಒಂದೇ ಗೋಡೆಯೊಳಗೆ. ಮೇಲಾಗಿ ಒಂದೇ ಇಲಿಯ ಯಕೃತ್ತಿನಿಂದ ಹತ್ತಾರು ಕೋಟಿ ಕೋಶಗಳು ದೊರೆಯುವುದರಿಂದ ಅನೇಕ ಪ್ರಾಣಿಗಳ ಪ್ರಾಣ ಉಳಿಯುತ್ತಿತ್ತು.

ಧೂಮಕೇತುವಿನ ಬಾಲ

ಇವುಗಳಲ್ಲೆಲ್ಲ ಹೆಚ್ಚು ಜನಪ್ರಿಯವಾದ ವಿಧಾನಕ್ಕೆ ಧೂಮಕೇತು ಪರೀಕ್ಷೆಯೆಂದು ಹೆಸರು. 1984ರಲ್ಲಿ ಸ್ವೀಡನ್ನಿನ ಓಸ್ಟ್‌ಲಿಂಗ್ ಮತ್ತು ಯೊಹಾನ್ಸನ್ ಅದಕ್ಕೆ ನಾಂದಿ ಹಾಡಿದರು. 1988ರಲ್ಲಿ ಅಮೆರಿಕದಲ್ಲಿ ಭಾರತೀಯ ಮೂಲದ ನರೇಂದ್ರ ಪಿ. ಸಿಂಗ್ ಮತ್ತು ಸಂಗಡಿಗರು ಅದಕ್ಕೆ ಕ್ಷಾರದ ಹಂತವನ್ನು ಸೇರಿಸಿ ಅದರ ಸೂಕ್ಷ್ಮತೆಯನ್ನು ಬಹಳವಾಗಿ ಹೆಚ್ಚಿಸಿದರು.

ವಿಧಾನ ಸೊಗಸಾದುದು. ಕೋಶಗಳನ್ನು ಅಗರೋಸ್ ಎಂಬ ಪಾರದರ್ಶಕ ಅಂಟಿನಲ್ಲಿ ಬೆರೆಸಿ ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡುತ್ತಾರೆ. ಉಪ್ಪು ಮತ್ತು ಮಾರ್ಜಕದಿಂದ ಕೋಶದ ಪೊರೆ, ಪ್ರೋಟೀನುಗಳನ್ನು ಕರಗಿಸಿದರೆ ಡಿ.ಎನ್.ಎ. ಮಾತ್ರ ಉಂಡೆಯಾಗಿ ಉಳಿಯುತ್ತದೆ. ತೀಕ್ಷ್ಣ ಕ್ಷಾರದಲ್ಲಿ ನೆನೆಸಿ ವಿದ್ಯುತ್ತನ್ನು ಹರಿಸಿದಾಗ ತುಂಡಾದ, ಸಡಿಲವಾದ ಎಳೆಗಳು ಧನಧ್ರುವದ ಕಡೆಗೆ ಸರಿಯುತ್ತವೆ. ಹೊಳೆಯುವ ಬಣ್ಣ ಹಾಕಿ ನೋಡಿದರೆ ಆರೋಗ್ಯವಂತ ಕೋಶ ಹುಣ್ಣಿಮೆಯ ಚಂದ್ರನಂತೆ ದುಂಡಗೆ; ಹಾನಿಗೊಂಡದ್ದು ಬಾಲವಿರುವ ಧೂಮಕೇತುವಿನಂತೆ. ಬಾಲದಲ್ಲಿ ಎಷ್ಟು ಪಾಲು ಬೆಳಕಿದೆ ಎಂಬುದೇ ಹಾನಿಯ ಅಳತೆ. ಯಾವ ಅಂಗದ ಕೋಶವಾದರೂ ಸರಿ. ಆದುದರಿಂದ ಜೀವಂತ ಪ್ರಾಣಿಗೆ ಔಷಧ ಕೊಟ್ಟು, ಕೆಲವು ಗಂಟೆಗಳ ಅನಂತರ ಯಕೃತ್ತು, ಜಠರ, ಮೂತ್ರಪಿಂಡಗಳನ್ನು ಬೇರೆಬೇರೆಯಾಗಿ ನೋಡಬಹುದು. ಇದಕ್ಕೆ 2014ರಲ್ಲಿ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಸಿದ್ಧವಾಯಿತು.

ಆದರೆ ಇದರ ಮಿತಿಯನ್ನು ಮರೆಯಲಾಗದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕ ನಮ್ಮ ನ್ಯಾಯಶಾಸ್ತ್ರಕ್ಕೆ ಪರಿಚಿತ. ಧೂಮಕೇತು ಪರೀಕ್ಷೆ ತೋರಿಸುವುದು ಹೊಗೆಯನ್ನು. ಅತ್ಯಂತ ಅಪಾಯಕಾರಿಯಾದ ಆರನೆಯ ಸ್ಥಾನದ ಗುರುತು ತಾನಾಗಿ ಎಳೆಯನ್ನು ಮುರಿಯುವುದಿಲ್ಲ. ಅದರ ಅಕ್ಕಪಕ್ಕದಲ್ಲಿ ಉಂಟಾಗುವ ಬೇರೆ ಗಾಯಗಳೇ ಬಾಲವಾಗಿ ಕಾಣುತ್ತವೆ. ಸಾಯುತ್ತಿರುವ ಕೋಶವೂ ಬಾಲ ಬಿಡುತ್ತದೆ. ಬಾಲ ಕಂಡ ಕೋಶವೆಲ್ಲ ಮುಂದೆ ಕ್ಯಾನ್ಸರಾಗುವುದಿಲ್ಲ. ಬಾಲ ಕಾಣದ ಮಾತ್ರಕ್ಕೆ ಅಕ್ಷರದೋಷ ಉಳಿದಿಲ್ಲವೆಂದೂ ಅಲ್ಲ.

ಹಾನಿಯಿಂದ ಕ್ಯಾನ್ಸರಿನವರೆಗಿನ ಸೇತುವೆಯನ್ನು ಕಟ್ಟಿದ ಕೆಲಸದಲ್ಲೂ ಭಾರತೀಯ ಹೆಸರೊಂದಿದೆ. 1983ರಲ್ಲಿ ಸರಸ್ವತಿ ಸುಕುಮಾರ್ ಹಾಗೂ 1985ರಲ್ಲಿ ಅವರೂ ಸೇರಿದಂತೆ ಜಾರ್ಬ್ಲ್, ಬಾರ್ಬಾಸಿಡ್ ಮೊದಲಾದವರು ಅಮೆರಿಕದಲ್ಲಿ ಪ್ರಕಟಿಸಿದ ಲೇಖನಗಳು, ಮೀಥೈಲ್ ನೈಟ್ರೋಸೋಯೂರಿಯದಿಂದ ಇಲಿಗಳಲ್ಲಿ ಹುಟ್ಟಿದ ಸ್ತನದ ಗೆಡ್ಡೆಗಳನ್ನು ಕುರಿತವು. ರಾಸ್ ಎಂಬ ವಂಶವಾಹಿಯ ಹನ್ನೆರಡನೆಯ ಸಂಕೇತದಲ್ಲಿ ಜಿ ಇದ್ದುದು ಎ ಆಗಿತ್ತು. ಹದಿನಾರು ವರ್ಷಗಳ ಹಿಂದೆ ಲವ್‌ಲೆಸ್ ಊಹಿಸಿದ್ದ ಅದೇ ಅಕ್ಷರದೋಷ!

ಎಷ್ಟು ಕಡಿಮೆಯಾದರೆ ಕಡಿಮೆ?

ಪ್ರಮಾಣದ ಪ್ರಶ್ನೆಗೆ ಮತ್ತೆ ಕಾರ್ಷಾಲ್ಟನ್ನಿಗೆ ಬರಬೇಕು. ಅಲ್ಲಿದ್ದ ಬ್ರಿಟಿಷ್ ಕೈಗಾರಿಕಾ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 4080 ಇಲಿಗಳಿಗೆ ಬೇರೆಬೇರೆ ಪ್ರಮಾಣದ ನೈಟ್ರೋಸಮೀನನ್ನು ಕುಡಿಯುವ ನೀರಿನಲ್ಲಿ ಜೀವಮಾನವಿಡೀ ಕೊಟ್ಟು ನೋಡಲಾಯಿತು. ಆಕ್ಸ್‌ಫರ್ಡಿನ ರಿಚರ್ಡ್ ಪೀಟೋ ಮತ್ತು ಸಂಗಡಿಗರು 1991ರಲ್ಲಿ ಅದರ ವಿಶ್ಲೇಷಣೆಯನ್ನು ಪ್ರಕಟಿಸಿದರು. ಹತ್ತು ಲಕ್ಷಕ್ಕೆ ಒಂದು ಪಾಲು ಇದ್ದಾಗ ಸುಮಾರು ಶೇಕಡ 25 ಇಲಿಗಳಲ್ಲಿ ಯಕೃತ್ತಿನ ಗೆಡ್ಡೆ. ಅದರ ಹತ್ತನೆಯ ಒಂದು ಪಾಲಿದ್ದಾಗ ಸುಮಾರು ಶೇಕಡ 2.5ರಲ್ಲಿ. ಇದಕ್ಕಿಂತ ಕಡಿಮೆಯಾದರೆ ಅಪಾಯವಿಲ್ಲ ಎನ್ನಬಹುದಾದ ಗೆರೆ ಆ ಅಂಕಿಗಳಲ್ಲಿ ಕಾಣಲಿಲ್ಲ.

ಔಷಧದಲ್ಲಿ ಡೈಮೀಥೈಲ್ ನೈಟ್ರೋಸಮೀನು ದಿನಕ್ಕೆ 96 ನ್ಯಾನೋಗ್ರಾಮನ್ನು ಮೀರಬಾರದೆಂಬ ಮಿತಿ ಬಂದದ್ದು ಪ್ರಾಣಿಪ್ರಯೋಗಗಳ ಇಂತಹ ಲೆಕ್ಕದಿಂದಲೇ. ಒಬ್ಬ ವ್ಯಕ್ತಿ 70 ವರ್ಷ ಪ್ರತಿದಿನ ಅಷ್ಟನ್ನು ಸೇವಿಸಿದರೆ ಒಂದು ಲಕ್ಷದಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ತಗಲಬಹುದೆಂಬುದು ಅದರ ಅರ್ಥ. ಮಾತ್ರೆಯ ಸುದ್ದಿ ಬಂದಾಗ ಎಷ್ಟೋ ಜನ ಗಾಬರಿಯಿಂದ ರಕ್ತದೊತ್ತಡದ ಔಷಧವನ್ನೇ ನಿಲ್ಲಿಸಲು ಹೊರಟರು. ನಿಯಂತ್ರಣ ಸಂಸ್ಥೆಗಳು ಅವರನ್ನು ತಡೆದು, ಬದಲಿ ಔಷಧ ದೊರೆಯುವವರೆಗೆ ಮುಂದುವರಿಸಿ ಎಂದು ಹೇಳಿದ್ದು ಈ ಲೆಕ್ಕವನ್ನು ತಿಳಿದೇ. ಅಲ್ಪ ಅಪಾಯಕ್ಕೆ ಹೆದರಿ, ಪಾರ್ಶ್ವವಾಯುವಿನ ಹೆಚ್ಚಿನ ಅಪಾಯವನ್ನು ಮನೆಗೆ ಕರೆಯುವುದು ವಿವೇಕವಲ್ಲ.

ಅಲ್ಲಿಂದ ಮುಂದೆ ಇನ್ನೊಂದು ಸಮಸ್ಯೆ ತಲೆಯೆತ್ತಿತು. ಅನೇಕ ಔಷಧಗಳ ಅಣುವಿನಲ್ಲಿಯೇ ಅಮೀನು ಇದೆ. ಎಲ್ಲಿಂದಲೋ ಬಂದ ನೈಟ್ರೈಟು ತಗಲಿದರೆ ಔಷಧವೇ ನೈಟ್ರೋಸಮೀನಾಗಬಲ್ಲದು. ಅವುಗಳಲ್ಲಿ ಬಹುತೇಕ ಹಿಂದೆಂದೂ ಪರೀಕ್ಷೆಗೊಳಗಾದವಲ್ಲ. ಪ್ರತಿಯೊಂದಕ್ಕೂ ಸಾವಿರಾರು ಇಲಿಗಳನ್ನು ಬಳಸುವಂತಿಲ್ಲ. 2023ರಲ್ಲಿ ಅಮೆರಿಕ ಮತ್ತು ಯೂರೋಪಿನ ಸಂಸ್ಥೆಗಳು ಅಣುವಿನ ರಚನೆಯನ್ನು ನೋಡಿ ಅಪಾಯದ ವರ್ಗವನ್ನು ನಿರ್ಧರಿಸುವ ಪದ್ಧತಿಯನ್ನು ಜಾರಿಗೆ ತಂದವು. ಅದರ ಜೊತೆಗೆ ಕೇಳುವ ಬ್ಯಾಕ್ಟೀರಿಯ ಪರೀಕ್ಷೆಯಲ್ಲಿ ಹ್ಯಾಮ್‌ಸ್ಟರಿನ ಯಕೃತ್ತಿನ ತಿಳಿ ಶೇಕಡ 30ರಷ್ಟಿರಬೇಕು, ಮೊದಲೇ ಬೆಚ್ಚಗಿಡುವ ಹಂತವಿರಬೇಕು. 1977ರ ಜಪಾನಿನ ಪಾಠ, 1980ರ ದಶಕದ ಹ್ಯಾಮ್‌ಸ್ಟರಿನ ಪಾಠ ಎರಡೂ ನಾಲ್ಕು ದಶಕಗಳ ಅನಂತರ ಕಾನೂನಿನ ಬಾಗಿಲಲ್ಲಿ ಬಂದು ನಿಂತವು. ಭಾರತ ಪ್ರಪಂಚದ ದೊಡ್ಡ ಔಷಧ ತಯಾರಕ ದೇಶಗಳಲ್ಲೊಂದು. ಬೆಂಗಳೂರು, ಹೈದರಾಬಾದುಗಳ ಪ್ರಯೋಗಾಲಯಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಇದು ಇಂದು ದಿನನಿತ್ಯದ ಕೆಲಸ.

ಎಲೆಯಡಿಕೆಯ ತಟ್ಟೆ

ಕೊನೆಯದಾಗಿ ನಮ್ಮ ಮನೆಯ ಮಾತು. ಮಾತ್ರೆಯಲ್ಲಿನ ನ್ಯಾನೋಗ್ರಾಮಿಗೆ ಬೆದರುವ ನಾವು ಬಾಯಿಯಲ್ಲಿನ ನೈಟ್ರೋಸಮೀನನ್ನು ಕುರಿತು ಮೌನವಾಗಿರುವುದು ಸರಿಯಲ್ಲ. ಹೊಗೆಸೊಪ್ಪನ್ನು ಹದಗೊಳಿಸುವಾಗ ನಿಕೋಟಿನ್ ಮತ್ತು ಅದರ ಬಂಧುಗಳಿಂದ ನೈಟ್ರೋಸಮೀನುಗಳು ಹುಟ್ಟುತ್ತವೆ. ಅವುಗಳಲ್ಲಿ ಎನ್.ಎನ್.ಎನ್. ಮತ್ತು ಎನ್.ಎನ್.ಕೆ. ಎಂಬ ಎರಡನ್ನು ಲಿಯೋನ್ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಇಟ್ಟಿದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ನೈಟ್ರೈಟಿನೊಡನೆ ಕೂಡಿ ನೈಟ್ರೋಸಮೀನುಗಳನ್ನು ಕೊಡುತ್ತದೆ. 1985ರಲ್ಲಿ ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮತ್ತು ಲಿಯೋನ್ ಸಂಸ್ಥೆಯ ವಿಜ್ಞಾನಿಗಳು ಜೊತೆಗೂಡಿ ಎಲೆಯಡಿಕೆ ಮೆಲ್ಲುವವರ ಜೊಲ್ಲಿನಲ್ಲಿ ಈ ಎರಡೂ ಬಗೆಯ ವಸ್ತುಗಳನ್ನು ಗುರುತಿಸಿದರು. ಸ್ಟಿಚ್ ಮತ್ತು ರೋಸಿನ್ ಎಂಬ ಕೆನಡದ ವಿಜ್ಞಾನಿಗಳು ಏಷ್ಯದಲ್ಲಿ ಎಲೆಯಡಿಕೆ ಮೆಲ್ಲುವವರ ಕೆನ್ನೆಯ ಒಳಭಾಗದಿಂದ ಕೆರೆದ ಕೋಶಗಳಲ್ಲಿ ವರ್ಣತಂತು ಮುರಿದ ಗುರುತುಗಳನ್ನು ಎಣಿಸಿದರು. ಇಲ್ಲಿ ಇಲಿಯೂ ಬೇಕಿಲ್ಲ, ಹ್ಯಾಮ್‌ಸ್ಟರೂ ಬೇಕಿಲ್ಲ. ಪ್ರಯೋಗಪಶು ನಾವೇ.

ಹೊಗೆಸೊಪ್ಪು ಹಾಕದಿದ್ದರೆ ಚಿಂತೆಯಿಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಲಿಯೋನ್ ಸಂಸ್ಥೆ 2004ರ ತನ್ನ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ, ಅಡಿಕೆಯನ್ನೂ ಮೊದಲ ವರ್ಗಕ್ಕೇ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಮಲೆನಾಡು, ಕರಾವಳಿಗಳ ಲಕ್ಷಾಂತರ ಕುಟುಂಬಗಳ ಅನ್ನ ಆ ತೋಟಗಳಲ್ಲಿದೆ. ತಾಂಬೂಲವಿಲ್ಲದೆ ನಮ್ಮ ಮದುವೆಯಿಲ್ಲ, ಬೀಳ್ಕೊಡುಗೆಯಿಲ್ಲ. ಈ ಭಾವ, ಈ ಬದುಕು ಎರಡನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅಡಿಕೆಯ ಗೌರವ ಉಳಿಯಬೇಕೆಂದರೆ ಅದನ್ನು ಕುರಿತ ಸತ್ಯವನ್ನು ಮುಚ್ಚಿಡುವುದರಿಂದ ಉಳಿಯದು. ಮಂಗಳ ಕಾರ್ಯದ ತಟ್ಟೆಯಲ್ಲಿ ಇಡುವುದು ಬೇರೆ, ದಿನಕ್ಕೆ ಹತ್ತು ಬಾರಿ ದವಡೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಈ ಅಂತರವನ್ನು ಮುಂದಿನ ಪೀಳಿಗೆಗೆ ತಿಳಿಸುವುದು ನಮ್ಮ ಹೊಣೆ.

ಬಂಧುಗಳೇ, ಈ ಚರಿತ್ರೆಯಿಂದ ನಾವು ಕಲಿಯಬೇಕಾದ್ದು ಒಂದಿದೆ. ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದಾಗ ವಸ್ತು ನಿರ್ದೋಷಿಯೆಂದು ಹೇಳುವ ಮೊದಲು, ಪರೀಕ್ಷೆಗೆ ಕಣ್ಣಿತ್ತೇ ಎಂದು ಕೇಳಬೇಕು. ಪರೀಕ್ಷೆಯಲ್ಲಿ ಏನೋ ಕಂಡಿತೆಂದಾಗ ಗಾಬರಿಯಾಗುವ ಮೊದಲು, ಎಷ್ಟು ಪ್ರಮಾಣದಲ್ಲಿ, ಯಾವ ಅಂಗದಲ್ಲಿ, ರಿಪೇರಿಯಾಗುವಂತಹುದೇ ಎಂದು ಕೇಳಬೇಕು. ಈ ಪ್ರಶ್ನೆಗಳನ್ನು ಕೇಳಲು ವಿಜ್ಞಾನಿಯೇ ಆಗಬೇಕಿಲ್ಲ. ಪ್ರಮಾಣಿಸಿ ನೋಡು ಎಂದ ನಮ್ಮ ಅಜ್ಜಅಜ್ಜಿಯರ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಸಾಕು.